ಸಣ್ಣ ಹಿಡುವಳಿಯಲ್ಲಿ ಉಳ್ಳಾಗಡ್ಡಿ: ಕ್ವಿಂಟಾಲಿಗೆ ಬೀಳುವ ಖರ್ಚಿನ ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗದಲ್ಲಿ ಮುಂಗಾರಿನ ಉಳ್ಳಾಗಡ್ಡಿ ಒಂದು ಮುಖ್ಯ ನಗದು ಬೆಳೆ. ಜೂನ್-ಜುಲೈ ತಿಂಗಳಲ್ಲಿ ಕೂರಿಗೆಯಿಂದ ಬಿತ್ತಿದ ಬೀಜ ಸುಮಾರು ನಾಲ್ಕು ತಿಂಗಳಲ್ಲಿ ಗಡ್ಡೆಯಾಗಿ ಕೈಗೆ ಬರುತ್ತದೆ. ದಸರಾ, ದೀಪಾವಳಿಯ ಹೊತ್ತಿಗೆ ಮನೆಗೆ ರೊಕ್ಕ ತರುವ ಬೆಳೆ ಇದು. ಧಾರಣೆ ಸಿಕ್ಕ ವರ್ಷ ಎರಡು ಎಕರೆಯ ರೈತನೂ ಸಾಲ ತೀರಿಸಿ ಹಿಂಗಾರಿನ ಬಿತ್ತನೆಗೆ ಬಂಡವಾಳ ಮಾಡಿಕೊಳ್ಳಬಲ್ಲ. ಧಾರಣೆ ಬಿದ್ದ ವರ್ಷ ಕಿತ್ತ ಕೂಲಿಯೂ ಹುಟ್ಟುವುದಿಲ್ಲ.

ಉಳ್ಳಾಗಡ್ಡಿಯಲ್ಲಿ ಲಾಭವಿದೆಯೋ ನಷ್ಟವಿದೆಯೋ ಎಂದು ಕೇಳಿದರೆ ಹೆಚ್ಚಿನವರು ಪೇಟೆಯ ಧಾರಣೆಯನ್ನೇ ಉತ್ತರವಾಗಿ ಕೊಡುತ್ತಾರೆ. ಆದರೆ ಧಾರಣೆ ಉತ್ತರದ ಅರ್ಧ ಭಾಗ ಮಾತ್ರ. ತನ್ನ ಹೊಲದಲ್ಲಿ ಒಂದು ಕ್ವಿಂಟಾಲ್ ಗಡ್ಡೆಗೆ ಎಷ್ಟು ಖರ್ಚು ಬಿದ್ದಿದೆ ಎಂಬುದು ಇನ್ನರ್ಧ. ಧಾರಣೆ ರೈತನ ಕೈಯಲ್ಲಿಲ್ಲ. ಕ್ವಿಂಟಾಲಿನ ಖರ್ಚು ಬಹುಮಟ್ಟಿಗೆ ಅವನ ಕೈಯಲ್ಲಿದೆ. ಆದುದರಿಂದ ಈ ಲೆಕ್ಕವನ್ನು ಹೇಗೆ ಇಡಬೇಕು, ಅದರಿಂದ ಯಾವ ನಿರ್ಧಾರಗಳು ಸುಲಭವಾಗುತ್ತವೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಲೆಕ್ಕಗಳಲ್ಲಿ ಕೊಟ್ಟಿರುವ ಅಂಕಿಗಳು ರೀತಿಯನ್ನು ತೋರಿಸಲು ಹಾಕಿದ ಉದಾಹರಣೆಗಳು. ಪ್ರತಿಯೊಬ್ಬ ರೈತರೂ ತಮ್ಮ ಊರಿನ ಕೂಲಿ, ಬಾಡಿಗೆ, ಬೀಜದ ಬೆಲೆಗಳನ್ನು ಅವುಗಳ ಜಾಗದಲ್ಲಿ ಹಾಕಿಕೊಳ್ಳಬೇಕು.

ಎರಡು ಬಗೆಯ ಖರ್ಚು

ಉಳ್ಳಾಗಡ್ಡಿಯ ಖರ್ಚನ್ನು ಎರಡು ಭಾಗ ಮಾಡಿ ಬರೆದುಕೊಳ್ಳುವುದು ಒಳ್ಳೆಯದು. ಮೊದಲನೆಯದು ಹೊಲದ ಖರ್ಚು. ಭೂಮಿ ಹದ ಮಾಡುವುದರಿಂದ ಗಡ್ಡೆ ಬಲಿಯುವವರೆಗೆ ಆಗುವುದೆಲ್ಲ ಇದರಲ್ಲಿ ಬರುತ್ತದೆ. ಇಳುವರಿ 20 ಕ್ವಿಂಟಾಲ್ ಬಂದರೂ 60 ಕ್ವಿಂಟಾಲ್ ಬಂದರೂ ಈ ಖರ್ಚು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಎರಡನೆಯದು ಮಾರಾಟದ ಖರ್ಚು. ಕೀಳುವುದು, ಸೊಪ್ಪು ಕೊಯ್ಯುವುದು, ಚೀಲ, ಹಮಾಲಿ, ಬಾಡಿಗೆ ಇವೆಲ್ಲ ಇದರಲ್ಲಿ ಸೇರುತ್ತವೆ. ಇದು ಕ್ವಿಂಟಾಲಿನ ಲೆಕ್ಕದಲ್ಲಿ ಬೀಳುತ್ತದೆ. ಗಡ್ಡೆ ಹೆಚ್ಚಾದಷ್ಟೂ ಒಟ್ಟು ಮೊತ್ತ ಹೆಚ್ಚುತ್ತದೆ.

ಮಳೆಯಾಶ್ರಿತ ಒಂದು ಎಕರೆಯ ಹೊಲದ ಖರ್ಚು ಹೀಗಿದೆ ಎಂದಿಟ್ಟುಕೊಳ್ಳೋಣ:

ನೇಗಿಲು ಹೊಡೆದು ಹರಗುವುದು – ರೂ. 3,500
ಕೊಟ್ಟಿಗೆ ಗೊಬ್ಬರ – ರೂ. 5,000
ಬೀಜ, 4 ಕಿ.ಗ್ರಾಂ. – ರೂ. 4,000
ಕೂರಿಗೆ ಬಿತ್ತನೆ – ರೂ. 1,000
ರಾಸಾಯನಿಕ ಗೊಬ್ಬರ – ರೂ. 3,500
ಎರಡು ಸಲ ಕಳೆ, 24 ಆಳು – ರೂ. 7,200
ಎಡೆಕುಂಟೆ – ರೂ. 1,200
ಸಿಂಪರಣೆ, ಮೂರು ಸಲ – ರೂ. 3,600
ಬೆಳೆ ವಿಮೆ ಮತ್ತು ಬಂಡವಾಳದ ಬಡ್ಡಿ – ರೂ. 1,000
ಒಟ್ಟು – ರೂ. 30,000

ಮಾರಾಟದ ಖರ್ಚು ಪೇಟೆಯ ದೂರವನ್ನು ಅವಲಂಬಿಸಿದೆ. ಒಂದು ಕ್ವಿಂಟಾಲಿಗೆ ಕೀಳಲು ಮತ್ತು ಸೊಪ್ಪು ಕೊಯ್ಯಲು ರೂ. 160, ಚೀಲ ಮತ್ತು ಸುತಳಿಗೆ ರೂ. 60 ಎಂದು ಹಿಡಿದರೆ ಇದು ಎಲ್ಲ ಪೇಟೆಗೂ ಸಮ. ಹತ್ತಿರದ ಗದಗ ಪೇಟೆಗೆ ಹಮಾಲಿ ರೂ. 30, ಬಾಡಿಗೆ ರೂ. 50 ಸೇರಿದರೆ ಒಟ್ಟು ರೂ. 300 ಆಗುತ್ತದೆ. ಬೆಂಗಳೂರಿನ ಯಶವಂತಪುರಕ್ಕೆ ಹಮಾಲಿ ರೂ. 40, ಬಾಡಿಗೆ ರೂ. 190 ಎಂದರೆ ಒಟ್ಟು ರೂ. 450 ಆಗುತ್ತದೆ.

ಈಗ ಹೊಲದ ಖರ್ಚನ್ನು ಇಳುವರಿಯಿಂದ ಭಾಗಿಸಿ, ಅದಕ್ಕೆ ಮಾರಾಟದ ಖರ್ಚನ್ನು ಕೂಡಿಸಿದರೆ ಒಂದು ಕ್ವಿಂಟಾಲಿನ ಪೂರ್ತಿ ಖರ್ಚು ಸಿಗುತ್ತದೆ. ಹತ್ತಿರದ ಪೇಟೆಯ ಲೆಕ್ಕ ಹೀಗೆ:

20 ಕ್ವಿಂಟಾಲ್ ಬಂದರೆ – 1,500 + 300 = ರೂ. 1,800
30 ಕ್ವಿಂಟಾಲ್ ಬಂದರೆ – 1,000 + 300 = ರೂ. 1,300
40 ಕ್ವಿಂಟಾಲ್ ಬಂದರೆ – 750 + 300 = ರೂ. 1,050
60 ಕ್ವಿಂಟಾಲ್ ಬಂದರೆ – 500 + 300 = ರೂ. 800

ಒಂದೇ ದಿನ, ಒಂದೇ ಪೇಟೆಯಲ್ಲಿ ರೂ. 1,100ರ ಧಾರಣೆ ಇದ್ದಾಗ 60 ಕ್ವಿಂಟಾಲ್ ಬೆಳೆದವನಿಗೆ ಕ್ವಿಂಟಾಲಿಗೆ ರೂ. 300 ಉಳಿಯುತ್ತದೆ. 20 ಕ್ವಿಂಟಾಲ್ ಬೆಳೆದವನು ರೂ. 700 ಕಳೆದುಕೊಳ್ಳುತ್ತಾನೆ. ಇಬ್ಬರೂ ಎಕರೆಗೆ ಖರ್ಚು ಮಾಡಿದ್ದು ಅದೇ ರೂ. 30,000. ಆದುದರಿಂದ ಎಕರೆಯ ಖರ್ಚು ಎಷ್ಟೆಂದು ಕೇಳುವುದಕ್ಕಿಂತ ಕ್ವಿಂಟಾಲಿನ ಖರ್ಚು ಎಷ್ಟೆಂದು ಕೇಳುವುದೇ ಸರಿಯಾದ ಪ್ರಶ್ನೆ.

ಲೆಕ್ಕಕ್ಕೆ ಬಾರದ ಖರ್ಚು

ಮೇಲಿನ ಪಟ್ಟಿಯಲ್ಲಿ ಕೈಯಿಂದ ಕೊಟ್ಟ ರೊಕ್ಕ ಮಾತ್ರ ಇದೆ. ಸಣ್ಣ ರೈತರ ಮನೆಗಳಲ್ಲಿ ಗಂಡ ಹೆಂಡತಿ ಮಕ್ಕಳೆಲ್ಲ ಕಳೆ ತೆಗೆಯುತ್ತಾರೆ, ಗಡ್ಡೆ ಕೀಳುತ್ತಾರೆ, ರಾತ್ರಿ ರಾಶಿ ಕಾಯುತ್ತಾರೆ. ಈ ದುಡಿಮೆಗೆ ಯಾರೂ ಕೂಲಿ ಬರೆಯುವುದಿಲ್ಲ. ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವು ಬೆಂಬಲ ಬೆಲೆಯ ಬೆಳೆಗಳಿಗೆ ಖರ್ಚು ಲೆಕ್ಕ ಹಾಕುವಾಗ ಕೈಯಿಂದ ಕೊಟ್ಟದ್ದನ್ನು ಒಂದು ಲೆಕ್ಕ, ಮನೆಮಂದಿಯ ದುಡಿಮೆ ಸೇರಿಸಿ ಇನ್ನೊಂದು ಲೆಕ್ಕ, ಭೂಮಿಯ ಬಾಡಿಗೆ ಮತ್ತು ಸ್ವಂತ ಬಂಡವಾಳದ ಬಡ್ಡಿ ಸೇರಿಸಿ ಮತ್ತೊಂದು ಲೆಕ್ಕ ಮಾಡುತ್ತದೆ. ಇವಕ್ಕೆ ಎ2, ಎ2+ಎಫ್‌ಎಲ್, ಸಿ2 ಎಂದು ಹೆಸರು. ರೈತರೂ ತಮ್ಮ ವಹಿಯಲ್ಲಿ ಈ ಮೂರನ್ನೂ ಬರೆದಿಡಬಹುದು.

ಲಾವಣಿ ಹೊಲ ಮಾಡುವವರು ಇದನ್ನು ತಪ್ಪದೆ ನೋಡಬೇಕು. ಎಕರೆಗೆ ರೂ. 8,000 ಲಾವಣಿ ಕೊಟ್ಟು 40 ಕ್ವಿಂಟಾಲ್ ಬೆಳೆದರೆ ಕ್ವಿಂಟಾಲಿಗೆ ರೂ. 200 ಹೆಚ್ಚು ಬೀಳುತ್ತದೆ. ಅಂದರೆ ರೂ. 1,050ರ ಬದಲು ರೂ. 1,250 ಸಿಕ್ಕರೆ ಮಾತ್ರ ಖರ್ಚು ಹೊರಡುತ್ತದೆ. ಸ್ವಂತ ಹೊಲದವನಿಗೆ ಲಾಭವೆನಿಸಿದ ಧಾರಣೆಯೇ ಲಾವಣಿದಾರನಿಗೆ ನಷ್ಟವಾಗುವುದು ಹೀಗೆ.

ಒಂದು ಪಟ್ಟಿ ಕಲಿಸುವ ಪಾಠ

2022ರ ನವೆಂಬರ್ ತಿಂಗಳಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 400 ಕಿ.ಮೀ.ಗೂ ಹೆಚ್ಚು ದೂರದ ಯಶವಂತಪುರ ಪೇಟೆಯಲ್ಲಿ 205 ಕಿ.ಗ್ರಾಂ. ಉಳ್ಳಾಗಡ್ಡಿ ಮಾರಿದರು. ಕ್ವಿಂಟಾಲಿಗೆ ಸಿಕ್ಕ ಧಾರಣೆ ರೂ. 200, ಒಟ್ಟು ರೂ. 410. ಇದರಲ್ಲಿ ಹಮಾಲಿಗೆ ರೂ. 24, ಲಾರಿ ಬಾಡಿಗೆಗೆ ರೂ. 377.64 ಮುರಿದುಕೊಂಡು ರೈತರ ಕೈಗೆ ಬಂದದ್ದು ರೂ. 8.36. ಆ ಪಟ್ಟಿ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಸುದ್ದಿಗಿಂತ ಪಟ್ಟಿಯ ಒಳಗಿನ ಲೆಕ್ಕ ಮುಖ್ಯ. ಬಾಡಿಗೆ ಕ್ವಿಂಟಾಲಿಗೆ ಸುಮಾರು ರೂ. 184, ಹಮಾಲಿ ಸುಮಾರು ರೂ. 12 ಬಿದ್ದಿದೆ. ಎರಡೂ ಸೇರಿ ಕ್ವಿಂಟಾಲಿಗೆ ರೂ. 196. ಧಾರಣೆ ರೂ. 200. ಉಳಿದದ್ದು ಕ್ವಿಂಟಾಲಿಗೆ ರೂ. 4. ಗಡ್ಡೆ ಕಿತ್ತ ಕೂಲಿ, ಚೀಲದ ಬೆಲೆ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ, ಹೊಲದ ಖರ್ಚಂತೂ ದೂರವೇ ಉಳಿಯಿತು. ಧಾರಣೆ ರೂ. 2,000 ಇದ್ದರೂ ರೂ. 200 ಇದ್ದರೂ ಲಾರಿಯ ಬಾಡಿಗೆ ಬದಲಾಗುವುದಿಲ್ಲ. ಧಾರಣೆ ಇಳಿದಷ್ಟೂ ದೂರದ ಪೇಟೆ ಇನ್ನಷ್ಟು ದುಬಾರಿಯಾಗುತ್ತದೆ ಎಂಬುದನ್ನು ಈ ಪಟ್ಟಿ ತೋರಿಸುತ್ತದೆ.

ಆದುದರಿಂದ ಗಡ್ಡೆ ಕೀಳುವ ಮುನ್ನ ಒಂದು ಲೆಕ್ಕ, ಲಾರಿಗೆ ಹೇರುವ ಮುನ್ನ ಇನ್ನೊಂದು ಲೆಕ್ಕ ಮಾಡಬೇಕು.

ಮೊದಲನೆಯದಾಗಿ, ಬೆಳೆ ಇನ್ನೂ ಭೂಮಿಯಲ್ಲಿರುವಾಗ ಹೊಲದ ಖರ್ಚು ಆಗಿಹೋಗಿರುತ್ತದೆ. ಕಿತ್ತರೂ ಬಿಟ್ಟರೂ ಅದು ಮರಳಿ ಬರುವುದಿಲ್ಲ. ಆಗ ನೋಡಬೇಕಾದದ್ದು ಮುಂದಿನ ಖರ್ಚನ್ನು ಮಾತ್ರ. ಹತ್ತಿರದ ಪೇಟೆಗೆ ಮಾರಾಟದ ಖರ್ಚು ರೂ. 300 ಇದ್ದು ಧಾರಣೆ ರೂ. 600 ಇದ್ದರೆ, ಪೂರ್ತಿ ಖರ್ಚು ಹೊರಡದಿದ್ದರೂ ಕೀಳುವುದೇ ಲೇಸು. ಕ್ವಿಂಟಾಲಿಗೆ ರೂ. 300ರಂತೆ ನಷ್ಟ ಅಷ್ಟು ಕಡಿಮೆಯಾಗುತ್ತದೆ. ಧಾರಣೆ ರೂ. 250ಕ್ಕೆ ಇಳಿದರೆ ಪ್ರತಿ ಕ್ವಿಂಟಾಲ್ ಕಿತ್ತಾಗಲೂ ಕೈಯಿಂದ ರೂ. 50 ಹೋಗುತ್ತದೆ.

ಎರಡನೆಯದಾಗಿ, ಗಡ್ಡೆ ಕಿತ್ತು ಚೀಲ ತುಂಬಿದ ಮೇಲೆ ಉಳಿಯುವುದು ಹಮಾಲಿ ಮತ್ತು ಬಾಡಿಗೆ. ಇಲ್ಲಿ ಪೇಟೆ ಪೇಟೆಗೆ ಹೋಲಿಸಬೇಕು. ನಮ್ಮ ಉದಾಹರಣೆಯಲ್ಲಿ ಬೆಂಗಳೂರಿಗೆ ಹತ್ತಿರದ ಪೇಟೆಗಿಂತ ಕ್ವಿಂಟಾಲಿಗೆ ರೂ. 150 ಹೆಚ್ಚು ಬೀಳುತ್ತದೆ. ಬೆಂಗಳೂರಿನ ಧಾರಣೆ ಗದಗ ಅಥವಾ ಹುಬ್ಬಳ್ಳಿಯ ಧಾರಣೆಗಿಂತ ಕನಿಷ್ಠ ಇಷ್ಟಾದರೂ ಹೆಚ್ಚಿರದಿದ್ದರೆ ಅಲ್ಲಿಗೆ ಕಳಿಸುವುದರಲ್ಲಿ ಅರ್ಥವಿಲ್ಲ. ದಾರಿಯಲ್ಲಿ ಗಡ್ಡೆಯ ತೂಕ ಇಳಿಯುವುದನ್ನೂ, ಲಾರಿ ಮುಟ್ಟುವಷ್ಟರಲ್ಲಿ ಆವಕ ಹೆಚ್ಚಿ ಧಾರಣೆ ಬೀಳಬಹುದೆಂಬುದನ್ನೂ ಗಮನದಲ್ಲಿಡಬೇಕು. ಕೆಲವೇ ಚೀಲ ಇರುವವರು ಊರಿನ ನಾಲ್ಕಾರು ರೈತರೊಡನೆ ಕೂಡಿ ಲಾರಿ ತುಂಬಿಸಿದರೆ ಬಾಡಿಗೆ ಕಡಿಮೆ ಬೀಳುತ್ತದೆ.

ಅಡತಿ ಅಂಗಡಿಯ ಪಟ್ಟಿಯನ್ನು ಪ್ರತಿ ಸಲವೂ ಓದಿ ಜೋಪಾನ ಮಾಡಬೇಕು. ತೂಕ, ಧಾರಣೆ, ಮುರಿದುಕೊಂಡ ಬಾಬುಗಳು ಬೇರೆ ಬೇರೆಯಾಗಿ ಬರೆದಿರಬೇಕು. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ದಲಾಲಿಯನ್ನು ಕೊಳ್ಳುವವರಿಂದ ಪಡೆಯಬೇಕೇ ಹೊರತು ಬೆಳೆಗಾರರಿಂದಲ್ಲ. ರೈತರ ಪಟ್ಟಿಯಲ್ಲಿ ದಲಾಲಿ ಮುರಿದಿದ್ದರೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗಳಿಗೆ ಪಟ್ಟಿಯೊಂದಿಗೆ ಲಿಖಿತ ದೂರು ಕೊಡಬಹುದು.

ಮಾರಲಾಗದ ಗಡ್ಡೆಯ ರಾಶಿಯ ಮೇಲೆ ದನಗಳನ್ನು ಬಿಡಬಾರದು. ಉಳ್ಳಾಗಡ್ಡಿಯನ್ನು ಹೆಚ್ಚಾಗಿ ತಿಂದ ದನಗಳಿಗೆ ರಕ್ತಹೀನತೆ ಬಂದು ಸಾಯುವ ಅಪಾಯವಿದೆ. ಒಂದು ನಷ್ಟದ ಮೇಲೆ ಇನ್ನೊಂದು ನಷ್ಟ ಆಗಬಾರದು.

ವಿಂಗಡಣೆಯಿಂದ ಎಷ್ಟು ಲಾಭ?

ಸಣ್ಣ ಗಡ್ಡೆಗೂ ದಪ್ಪ ಗಡ್ಡೆಗೂ ಬಾಡಿಗೆ ಒಂದೇ. ಧಾರಣೆ ಮಾತ್ರ ಬೇರೆ. ಆದರೂ ಅವಸರದಲ್ಲಿ ಎಲ್ಲವನ್ನೂ ಕೂಡಿಸಿ ಚೀಲ ತುಂಬುವ ರೂಢಿ ಇದೆ. ಅದರಿಂದ ಆಗುವ ವ್ಯತ್ಯಾಸವನ್ನು ಲೆಕ್ಕದಿಂದ ನೋಡಬಹುದು.

ಒಂದು ಎಕರೆಯಲ್ಲಿ 40 ಕ್ವಿಂಟಾಲ್ ಬಂದಿದೆ. ಅದರಲ್ಲಿ 28 ಕ್ವಿಂಟಾಲ್ ದಪ್ಪ, 12 ಕ್ವಿಂಟಾಲ್ ಸಣ್ಣ ಗಡ್ಡೆ. ಎಲ್ಲವನ್ನೂ ಕೂಡಿಸಿ ಬೆಂಗಳೂರಿಗೆ ಕಳಿಸಿದಾಗ ರೂ. 1,100 ಸಿಕ್ಕಿತು ಎನ್ನೋಣ. ಬಂದದ್ದು ರೂ. 44,000. ಮಾರಾಟದ ಖರ್ಚು ರೂ. 18,000. ಉಳಿದ ರೂ. 26,000ದಲ್ಲಿ ಹೊಲದ ಖರ್ಚು ರೂ. 30,000 ಕಳೆದರೆ ರೂ. 4,000 ನಷ್ಟ.

ಅದೇ ಮಾಲನ್ನು ವಿಂಗಡಿಸಿ ದಪ್ಪ ಗಡ್ಡೆ ಮಾತ್ರ ಬೆಂಗಳೂರಿಗೆ ಕಳಿಸಿದಾಗ ರೂ. 1,600 ಸಿಕ್ಕಿತು. ಬಂದದ್ದು ರೂ. 44,800. ಮಾರಾಟದ ಖರ್ಚು ರೂ. 12,600. ಉಳಿದದ್ದು ರೂ. 32,200. ಸಣ್ಣ ಗಡ್ಡೆಯನ್ನು ಹತ್ತಿರದ ಪೇಟೆಯಲ್ಲಿ ರೂ. 500ರಂತೆ ಮಾರಿದರೆ, ಖರ್ಚು ರೂ. 300 ಕಳೆದು, 12 ಕ್ವಿಂಟಾಲಿಗೆ ರೂ. 2,400 ಉಳಿಯಿತು. ವಿಂಗಡಣೆಗೆ ನಾಲ್ಕು ಆಳಿನ ಕೂಲಿ ರೂ. 1,200 ಕೊಡಬೇಕಾಯಿತು. ಒಟ್ಟು ಕೈಗೆ ಬಂದದ್ದು ರೂ. 33,400. ಹೊಲದ ಖರ್ಚು ಕಳೆದರೆ ರೂ. 3,400 ಲಾಭ.

ಬೆಳೆ ಅದೇ, ಪೇಟೆ ಅದೇ. ನಾಲ್ಕು ಆಳಿನ ಕೆಲಸ ನಷ್ಟವನ್ನು ಲಾಭ ಮಾಡಿತು. ಜೋಡುಗಡ್ಡೆ, ದಪ್ಪ ಕುತ್ತಿಗೆಯ ಗಡ್ಡೆ, ಗಾಯವಾದ ಗಡ್ಡೆಗಳನ್ನು ಆರಿಸಿ ತೆಗೆಯುವುದು ಇದಕ್ಕಿಂತಲೂ ಅಗತ್ಯ. ಒಂದು ಕೊಳೆತ ಗಡ್ಡೆ ಇಡೀ ಚೀಲದ ಧಾರಣೆಯನ್ನು ಇಳಿಸುತ್ತದೆ.

ಹೊಲದಲ್ಲಿ ಖರ್ಚು ತಗ್ಗಿಸುವ ದಾರಿಗಳು

ಕ್ವಿಂಟಾಲಿನ ಖರ್ಚು ಕಡಿಮೆಯಾಗಬೇಕಾದರೆ ಇಳುವರಿ ಹೆಚ್ಚಬೇಕು ಅಥವಾ ವೃಥಾ ಖರ್ಚು ನಿಲ್ಲಬೇಕು. ಅದಕ್ಕೆ ಕೆಲವು ಮುಖ್ಯ ಅಂಶಗಳು:

ಬೀಜ: ಉಳ್ಳಾಗಡ್ಡಿ ಬೀಜದ ಮೊಳೆಯುವ ಶಕ್ತಿ ಸಾಮಾನ್ಯವಾಗಿ ಒಂದು ವರ್ಷದ ನಂತರ ಬೇಗ ಕುಗ್ಗುತ್ತದೆ. ಹಳೆಯ ಬೀಜ ಅಗ್ಗವಾಗಿ ಸಿಕ್ಕರೂ ದುಬಾರಿಯೇ. ಬಿತ್ತುವ ಮುನ್ನ 100 ಬೀಜಗಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು 10-12 ದಿನಗಳಲ್ಲಿ ಎಷ್ಟು ಮೊಳೆತವು ಎಂದು ನೋಡಬೇಕು. 70ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿತ್ತನೆಗೆ ಯೋಗ್ಯವಲ್ಲ. ವಿಜಯಪುರ ಜಿಲ್ಲೆಯ ತೆಲಗಿಯ ಹೆಸರಿನ ತೆಲಗಿ ಕೆಂಪು ಈ ಭಾಗದ ರೈತರಿಗೆ ಪರಿಚಿತ ತಳಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ, ಪುಣೆ ಬಳಿಯ ರಾಜಗುರುನಗರದ ಸಂಶೋಧನಾ ಕೇಂದ್ರದ ಭೀಮಾ ಸೂಪರ್ ತಳಿಗಳೂ ಮುಂಗಾರಿಗೆ ಒಪ್ಪುತ್ತವೆ.

ನೀರು ಬಸಿಯುವಿಕೆ: ಈ ಭಾಗದಲ್ಲಿ ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ಗಡ್ಡೆ ಬಲಿಯುವ ಹೊತ್ತಿಗೇ, ಜೋರು ಮಳೆ ಬೀಳುವುದುಂಟು. ಎರೆ ಭೂಮಿಯಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಏರುಮಡಿ ಮಾಡಿ ಇಳಿಜಾರಿಗೆ ಬಸಿಗಾಲುವೆ ತೆಗೆಯಬೇಕು. ಮಸಾರಿ ಭೂಮಿಯಲ್ಲಿ ಈ ತೊಂದರೆ ಕಡಿಮೆ.

ಕಳೆ: ಉಳ್ಳಾಗಡ್ಡಿಯ ಎಲೆ ಕಿರಿದು, ಬೇರು ಮೇಲ್ಮಟ್ಟದ್ದು. ಕಳೆಯೊಡನೆ ಹೋರಾಡುವ ಶಕ್ತಿ ಅದಕ್ಕಿಲ್ಲ. ಮೊದಲ 45ರಿಂದ 60 ದಿನ ಹೊಲ ಸ್ವಚ್ಛವಾಗಿರಬೇಕು. ನಮ್ಮ ಪಟ್ಟಿಯಲ್ಲಿ ಅತಿ ದೊಡ್ಡ ಬಾಬು ಕಳೆಯ ಕೂಲಿಯೇ. ಬಿತ್ತುವ ಮುನ್ನ ಒಂದು ಮಳೆಗೆ ಹುಟ್ಟಿದ ಕಳೆಯನ್ನು ಹರಗಿ ಕೊಂದರೆ ಮುಂದಿನ ಆಳು ಉಳಿಯುತ್ತದೆ. ಕಳೆನಾಶಕ ಬಳಸುವುದಾದರೆ ತಜ್ಞರನ್ನು ಕೇಳಿ, ಡಬ್ಬಿಯ ಮೇಲಿನ ಪ್ರಮಾಣ ಮೀರದಂತೆ ಬಳಸಬೇಕು.

ಗೊಬ್ಬರ: ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಕೊಡಬೇಕು. ಗಡ್ಡೆ ಕಟ್ಟಲು ಆರಂಭಿಸಿದ ಮೇಲೆ ಯೂರಿಯಾ ಹಾಕಿದರೆ ಸೊಪ್ಪು ಬೆಳೆಯುತ್ತದೆ, ಕುತ್ತಿಗೆ ದಪ್ಪವಾಗುತ್ತದೆ, ಗಡ್ಡೆ ಬೇಗ ಕೆಡುತ್ತದೆ. ಇದು ರೊಕ್ಕ ಕೊಟ್ಟು ನಷ್ಟ ಕೊಂಡಂತೆ.

ಕೀಟ ಮತ್ತು ರೋಗ: ಮಳೆ ತಡೆದ ದಿನಗಳಲ್ಲಿ ಥ್ರಿಪ್ಸ್ ನುಸಿ, ಮೋಡ ಕವಿದ ತೇವದ ದಿನಗಳಲ್ಲಿ ನೇರಳೆ ಮಚ್ಚೆ ರೋಗ ಮತ್ತು ತಿರುಚು ರೋಗ ಕಾಣಿಸಿಕೊಳ್ಳುತ್ತವೆ. ಹೊಲದ ಸುತ್ತ ಎರಡು ಸಾಲು ಗೋವಿನಜೋಳ ಹಾಕಿದರೆ ನುಸಿಗೆ ತಡೆಯಾಗುತ್ತದೆ. ಎಲೆ ಮೇಣದಂತೆ ನುಣುಪಾಗಿರುವುದರಿಂದ ಸಿಂಪರಣಾ ದ್ರಾವಣಕ್ಕೆ ಅಂಟು ಬೆರೆಸಬೇಕು. ಇಲ್ಲವಾದರೆ ಔಷಧಿ ಜಾರಿ ನೆಲ ಸೇರುತ್ತದೆ.

ಕೊಯ್ಲು: ಅರ್ಧದಷ್ಟು ಗಿಡಗಳ ಕುತ್ತಿಗೆ ಬಾಗಿದಾಗ ಕೀಳಬೇಕು. ಒಂದು ಸಾಲಿನ ಸೊಪ್ಪು ಇನ್ನೊಂದು ಸಾಲಿನ ಗಡ್ಡೆಯನ್ನು ಮುಚ್ಚುವಂತೆ ಹರಡಿ 3ರಿಂದ 5 ದಿನ ಒಣಗಿಸಬೇಕು. ಮೇಲೆ ಎರಡು ಸೆಂ.ಮೀ. ಕುತ್ತಿಗೆ ಬಿಟ್ಟು ಸೊಪ್ಪು ಕೊಯ್ದು ನೆರಳಲ್ಲಿ ಮತ್ತೆ ಒಣಗಿಸಬೇಕು. ಒದ್ದೆ ಗಡ್ಡೆಯನ್ನು ಚೀಲಕ್ಕೆ ತುಂಬಿದರೆ ದಾರಿಯಲ್ಲೇ ಬೆವರಿ ಕೊಳೆಯುತ್ತದೆ.

ಕೂಡಿಡಬೇಕೋ, ಮಾರಬೇಕೋ?

ಧಾರಣೆ ಇಲ್ಲದಾಗ ಕೂಡಿಡುವ ಯೋಚನೆ ಸಹಜ. ಆದರೆ ಮುಂಗಾರಿನ ಗಡ್ಡೆಗೆ ತಾಳಿಕೆ ಕಡಿಮೆ, ಬೇಗ ಮೊಳೆಯುತ್ತದೆ. ಕೆಲವು ವಾರಗಳಿಗಿಂತ ಹೆಚ್ಚು ಇಡುವುದು ಅಪಾಯ. ನೀರಾವರಿಯಲ್ಲಿ ಬೆಳೆದ ಹಿಂಗಾರು ಮತ್ತು ಬೇಸಿಗೆಯ ಗಡ್ಡೆಯನ್ನು ಸರಿಯಾಗಿ ಒಣಗಿಸಿ, ನೆಲದಿಂದ ಮೇಲೆತ್ತಿ ಕಟ್ಟಿದ ಗಾಳಿಯಾಡುವ ಗೂಡಿನಲ್ಲಿ ನಾಲ್ಕೈದು ತಿಂಗಳು ಇಡಬಹುದು.

ಇಲ್ಲಿಯೂ ಲೆಕ್ಕ ಬೇಕು. ಇಟ್ಟ ಗಡ್ಡೆಯಲ್ಲಿ ಮೂರು ತಿಂಗಳಲ್ಲಿ ಕಾಲು ಭಾಗ ಒಣಗಿ, ಕೊಳೆತು ಹೋಯಿತು ಎನ್ನೋಣ. ಇಂದಿನ ಧಾರಣೆ ರೂ. 1,200 ಇದ್ದರೆ ಆಗ ರೂ. 1,600 ಸಿಕ್ಕರೆ ಮಾತ್ರ ಇಂದು ಮಾರಿದ್ದಕ್ಕೆ ಸಮ. ಆರಿಸುವ ಕೂಲಿ, ಬಡ್ಡಿ ಸೇರಿದರೆ ಇನ್ನೂ ಹೆಚ್ಚು ಬೇಕು. ಇಷ್ಟು ಏರುವ ಭರವಸೆ ಇಲ್ಲದಿದ್ದರೆ ಎರಡು ಮೂರು ಕಂತಿನಲ್ಲಿ ಮಾರುವುದೇ ಸಣ್ಣ ರೈತರಿಗೆ ಮೇಲು.

ಧಾರಣೆ ಏಕೆ ಹೀಗೆ ಏರಿಳಿಯುತ್ತದೆ?

ದೇಶದ ಉಳ್ಳಾಗಡ್ಡಿಯ ಬಹುಪಾಲು ಹಿಂಗಾರಿನದು. ಮಹಾರಾಷ್ಟ್ರದ ರೈತರು ಕೂಡಿಟ್ಟ ಹಿಂಗಾರು ಗಡ್ಡೆ ಅಕ್ಟೋಬರ್ ತನಕವೂ ಪೇಟೆಗೆ ಬರುತ್ತಿರುತ್ತದೆ. ಅದೇ ಹೊತ್ತಿಗೆ ಕರ್ನಾಟಕದ ಮುಂಗಾರು ಗಡ್ಡೆ ಬರುತ್ತದೆ. ಆ ದಾಸ್ತಾನು ಹೆಚ್ಚಿದ್ದರೆ ನಮ್ಮ ಧಾರಣೆ ಕುಸಿಯುತ್ತದೆ, ಕೆಟ್ಟುಹೋಗಿದ್ದರೆ ಏರುತ್ತದೆ.

ರಫ್ತಿನ ಆಜ್ಞೆಗಳೂ ಧಾರಣೆಯನ್ನು ಅಲುಗಿಸುತ್ತವೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತನ್ನು ನಿಷೇಧಿಸಿತು, 2020ರ ಮಾರ್ಚಿನಲ್ಲಿ ತೆರವು ಮಾಡಿತು. 2020ರ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧಿಸಿ 2021ರ ಜನವರಿಯಲ್ಲಿ ತೆಗೆಯಿತು. 2023ರ ಆಗಸ್ಟಿನಲ್ಲಿ ಶೇಕಡಾ 40ರ ರಫ್ತು ಸುಂಕ ಹಾಕಿತು, ಡಿಸೆಂಬರಿನಲ್ಲಿ ಪೂರ್ತಿ ನಿಷೇಧಿಸಿತು. 2024ರ ಮೇ ತಿಂಗಳಲ್ಲಿ ನಿಷೇಧ ಹೋಗಿ ಸುಂಕ ಉಳಿಯಿತು. ಸೆಪ್ಟೆಂಬರಿನಲ್ಲಿ ಅದು ಶೇಕಡಾ 20ಕ್ಕೆ ಇಳಿದು, 2025ರ ಏಪ್ರಿಲ್ 1ರಿಂದ ತೆಗೆದುಹಾಕಲಾಯಿತು. ಇವುಗಳಲ್ಲಿ ಹಲವು ನಮ್ಮ ಬೆಳೆ ಹೊಲದಲ್ಲಿರುವಾಗ ಅಥವಾ ಪೇಟೆಗೆ ಬರುವಾಗಲೇ ಬಂದವು.

ಉಳ್ಳಾಗಡ್ಡಿಗೆ ಕೇಂದ್ರದ ಕನಿಷ್ಠ ಬೆಂಬಲ ಬೆಲೆ ಇಲ್ಲ. ಧಾರಣೆ ತೀರ ಬಿದ್ದಾಗ ರಾಜ್ಯದ ಕೋರಿಕೆಯ ಮೇರೆಗೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಜಾರಿಯಾಗಬಹುದು. ಫಸಲ್ ಬಿಮಾ ಯೋಜನೆಯಲ್ಲಿ ತೋಟಗಾರಿಕೆ ಬೆಳೆಗೆ ರೈತರ ಕಂತು ವಿಮಾ ಮೊತ್ತದ ಗರಿಷ್ಠ ಶೇಕಡಾ 5. ಆದರೆ ವಿಮೆಯು ಬೆಳೆ ಹಾನಿಗೆ ಮಾತ್ರ ಪರಿಹಾರ ಕೊಡುತ್ತದೆ. ಧಾರಣೆ ಬಿದ್ದ ನಷ್ಟಕ್ಕೆ ಕೊಡುವುದಿಲ್ಲ.

ಹೋದ ವರ್ಷದ ಧಾರಣೆಯ ಬೆನ್ನು ಹತ್ತಬಾರದು

ಹೋದ ವರ್ಷ ಧಾರಣೆ ಏರಿದ್ದರೆ ಈ ವರ್ಷ ಎಲ್ಲರೂ ಹೆಚ್ಚು ಬಿತ್ತುತ್ತಾರೆ. ಆವಕ ಹೆಚ್ಚಿ ಧಾರಣೆ ಬೀಳುತ್ತದೆ. ನಷ್ಟಕ್ಕೆ ಹೆದರಿ ಮುಂದಿನ ವರ್ಷ ಬಿಡುತ್ತಾರೆ, ಆಗ ಧಾರಣೆ ಏರುತ್ತದೆ. ಇದರ ಪರಿಣಾಮವನ್ನು ಐದು ವರ್ಷದ ಲೆಕ್ಕದಲ್ಲಿ ನೋಡಬಹುದು. ಎಕರೆಗೆ 40 ಕ್ವಿಂಟಾಲ್ ಇಳುವರಿ, ಕ್ವಿಂಟಾಲಿಗೆ ರೂ. 1,050 ಖರ್ಚು. ಧಾರಣೆ ಕ್ರಮವಾಗಿ ರೂ. 700, 2,200, 500, 1,400 ಮತ್ತು 1,000 ಎಂದಿರಲಿ.

ಪ್ರತಿ ವರ್ಷವೂ ತಪ್ಪದೆ ಒಂದೇ ಎಕರೆ ಬಿತ್ತಿದ ರೈತನಿಗೆ ಮೊದಲ ವರ್ಷ ರೂ. 14,000 ನಷ್ಟ, ಎರಡನೇ ವರ್ಷ ರೂ. 46,000 ಲಾಭ, ಮೂರನೇ ವರ್ಷ ರೂ. 22,000 ನಷ್ಟ, ನಾಲ್ಕನೇ ವರ್ಷ ರೂ. 14,000 ಲಾಭ, ಐದನೇ ವರ್ಷ ರೂ. 2,000 ನಷ್ಟ. ಒಟ್ಟು ರೂ. 22,000 ಲಾಭ. ಇನ್ನೊಬ್ಬ ರೈತ ಎರಡನೇ ವರ್ಷದ ಧಾರಣೆ ನೋಡಿ ಮೂರನೇ ವರ್ಷ ಎರಡು ಎಕರೆ ಬಿತ್ತಿದ, ರೂ. 44,000 ಕಳೆದುಕೊಂಡ. ಹೆದರಿ ನಾಲ್ಕನೇ ವರ್ಷ ಬಿತ್ತಲಿಲ್ಲ. ಐದನೇ ವರ್ಷ ಮತ್ತೆ ಒಂದು ಎಕರೆ ಬಿತ್ತಿದ. ಅವನ ಐದು ವರ್ಷದ ಫಲ ರೂ. 14,000 ನಷ್ಟ. ಇಬ್ಬರ ಹೊಲ, ಇಳುವರಿ, ಪೇಟೆ ಎಲ್ಲ ಒಂದೇ.

ಆದುದರಿಂದ ಹಿಡುವಳಿಯ ಒಂದು ಭಾಗವನ್ನು ಮಾತ್ರ ಉಳ್ಳಾಗಡ್ಡಿಗೆ ಗೊತ್ತುಮಾಡಿ, ಅದನ್ನು ಧಾರಣೆ ನೋಡಿ ಹಿಗ್ಗಿಸದೆ ಕುಗ್ಗಿಸದೆ ನಡೆಸುವುದು ಒಳ್ಳೆಯದು. ಪೂರ್ತಿ ಕೈಬಿಟ್ಟರೂ ಮನೆಯ ಊಟಕ್ಕೆ, ದನದ ಮೇವಿಗೆ ತೊಂದರೆಯಾಗದಷ್ಟೇ ಈ ಭಾಗ ಇರಬೇಕು.

ಈ ಸೀಮೆಯ ಹಿರಿಯರು ರೂಢಿಸಿದ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಯ ಮಿಶ್ರ ಬೆಳೆ ಇದೇ ವಿವೇಕದ್ದು. ಉಳ್ಳಾಗಡ್ಡಿ ಮೊದಲು ಹೊಲ ಬಿಡುತ್ತದೆ, ಆಮೇಲೆ ಮೆಣಸಿನಕಾಯಿ, ಹತ್ತಿ ಹಿಂಗಾರಿನ ತನಕ ಫಲ ಕೊಡುತ್ತವೆ. ನೇಗಿಲು, ಗೊಬ್ಬರ, ಕಳೆಯ ಖರ್ಚು ಮೂರು ಬೆಳೆಗೆ ಹಂಚಿಹೋಗುತ್ತದೆ. ಉಳ್ಳಾಗಡ್ಡಿಯ ಲೆಕ್ಕಕ್ಕೆ ಅದರ ಬೀಜ, ಸಿಂಪರಣೆ ಪೂರ್ತಿಯಾಗಿಯೂ ಉಳಿದ ಬಾಬುಗಳು ಪಾಲಿನಂತೆಯೂ ಬೀಳುತ್ತವೆ. ಒಂದರ ಧಾರಣೆ ಬಿದ್ದರೆ ಇನ್ನೊಂದು ಕೈ ಹಿಡಿಯುತ್ತದೆ.

ಸಾಂಬಾರ್ ಈರುಳ್ಳಿ ಇಲ್ಲಿ ಲಾಭದಾಯಕವೇ?

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಕಡೆ ಬೆಳೆಯುವ ಸಾಂಬಾರ್ ಈರುಳ್ಳಿಗೆ ಕೆಲವು ವರ್ಷ ಒಳ್ಳೆಯ ಧಾರಣೆ ಬರುವುದರಿಂದ ಈ ಭಾಗದ ರೈತರೂ ಅದನ್ನು ವಿಚಾರಿಸುತ್ತಾರೆ. ಇದನ್ನು ಸಾಮಾನ್ಯವಾಗಿ ಗಡ್ಡೆಯಿಂದಲೇ ನಾಟಿ ಮಾಡುತ್ತಾರೆ. ಎಕರೆಗೆ 400ರಿಂದ 600 ಕಿ.ಗ್ರಾಂ. ಬಿತ್ತನೆ ಗಡ್ಡೆ ಬೇಕು. ಕಿಲೋಗೆ ರೂ. 40 ಎಂದರೂ 500 ಕಿ.ಗ್ರಾಂ.ಗೆ ರೂ. 20,000 ಆಗುತ್ತದೆ. ನಮ್ಮ ಉಳ್ಳಾಗಡ್ಡಿ ಬೀಜಕ್ಕೆ ಹಿಡಿದದ್ದು ರೂ. 4,000. 65ರಿಂದ 75 ದಿನದಲ್ಲಿ ಬೆಳೆ ಬರುತ್ತದೆಂಬುದು ಇದರ ಅನುಕೂಲ. ಆದರೆ ನೀರಾವರಿ ಬೇಕು. ಮುಖ್ಯ ಗಿರಾಕಿ ತಮಿಳುನಾಡು, ಕೇರಳದವರು. ಗುಂಡ್ಲುಪೇಟೆ ಆ ಗಡಿಯಲ್ಲೇ ಇದೆ, ಗದಗ ದೂರದಲ್ಲಿದೆ. ಬಿತ್ತನೆ ದುಬಾರಿ, ಬಾಡಿಗೆ ದುಬಾರಿ ಎರಡೂ ಕೂಡಿದರೆ ಧಾರಣೆ ಬಿದ್ದ ವರ್ಷದ ಪೆಟ್ಟು ದೊಡ್ಡದಾಗುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಂಗಳೂರು ಗುಲಾಬಿ ಈರುಳ್ಳಿಯೂ ಹಾಗೆಯೇ. ಅದು ರಫ್ತನ್ನೇ ನಂಬಿದ ಬೆಳೆ.

ಕೊಳವೆಬಾವಿ ಅಥವಾ ಕಾಲುವೆ ನೀರಿದ್ದು, ಕೊಳ್ಳುವವರು ಮೊದಲೇ ಗೊತ್ತಿದ್ದರೆ ಐದು ಹತ್ತು ಗುಂಟೆಯಲ್ಲಿ ಪ್ರಯತ್ನಿಸಬಹುದು. ಕೊಯಮತ್ತೂರಿನ ಸಿಒ-5 ತಳಿಯನ್ನು ಬೀಜದಿಂದಲೂ ಬೆಳೆಸಬಹುದಾದ್ದರಿಂದ ಬಿತ್ತನೆಯ ಖರ್ಚು ತಗ್ಗುತ್ತದೆ. ಆ ಗುಂಟೆಗಳ ಖರ್ಚು, ಇಳುವರಿ, ಪಟ್ಟಿಗಳನ್ನು ಬರೆದಿಟ್ಟು, ಕ್ವಿಂಟಾಲಿನ ಖರ್ಚು ಗೊತ್ತಾದ ಮೇಲೆಯೇ ಎಕರೆಯ ಮಾತು.

ವಹಿ ಇಡುವ ಕ್ರಮ

ಇಷ್ಟೆಲ್ಲ ಲೆಕ್ಕಕ್ಕೆ ಬೇಕಾದದ್ದು ಒಂದು ನೋಟ್‌ಪುಸ್ತಕ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ಒಪ್ಪಿಸಬಹುದು.

1. ಎಡಪುಟದಲ್ಲಿ ಹೊಲದ ಖರ್ಚು, ಬಲಪುಟದಲ್ಲಿ ಮಾರಾಟದ ಖರ್ಚು ತಾರೀಖಿನೊಂದಿಗೆ ಬರೆಯಬೇಕು.
2. ಮನೆಮಂದಿ ದುಡಿದ ದಿನಗಳನ್ನು ಬೇರೆ ಕಲಂನಲ್ಲಿ ಎಣಿಸಿಡಬೇಕು.
3. ಗಡ್ಡೆ ಕೀಳುವ ಒಂದು ವಾರ ಮುನ್ನ ಹೊಲದ ಮೂರು ನಾಲ್ಕು ಕಡೆ ಸ್ವಲ್ಪ ಜಾಗ ಅಳೆದು ಕಿತ್ತು, ತೂಗಿ, ಇಳುವರಿ ಅಂದಾಜು ಮಾಡಬೇಕು.
4. ಅದರಿಂದ ಪೂರ್ತಿ ಖರ್ಚಿನ ಧಾರಣೆ ಮತ್ತು ಕೀಳುವುದಕ್ಕೆ ಬೇಕಾದ ಕನಿಷ್ಠ ಧಾರಣೆ ಎರಡನ್ನೂ ಬರೆದುಕೊಳ್ಳಬೇಕು.
5. ಗದಗ, ಹುಬ್ಬಳ್ಳಿ, ಬೆಂಗಳೂರಿನ ಧಾರಣೆಯನ್ನು ದಿನವೂ ವಿಚಾರಿಸಿ, ಬಾಡಿಗೆ ಕಳೆದು ಹೋಲಿಸಬೇಕು.
6. ಪಟ್ಟಿಗಳನ್ನು ಪುಸ್ತಕಕ್ಕೆ ಅಂಟಿಸಿ, ಐದು ವರ್ಷ ಇಡಬೇಕು.

ಮಣ್ಣು ಪರೀಕ್ಷೆ, ತಳಿಯ ಆಯ್ಕೆ ಮತ್ತು ರೋಗಗಳ ಬಗ್ಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆ ಅಥವಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಕೇಳಬಹುದು. ಕ್ಷೇತ್ರ ಕಾರ್ಯಕರ್ತರು ಮುಂಗಾರಿಗೆ ಮೊದಲು ಊರಿನ ನಾಲ್ಕೈದು ಬೆಳೆಗಾರರನ್ನು ಕೂಡಿಸಿ ಅವರವರ ಅಂಕಿಗಳಿಂದಲೇ ಈ ಲೆಕ್ಕ ಮಾಡಿಸಿದರೆ ಉಪಯುಕ್ತ. ಒಂದೇ ಊರಿನಲ್ಲಿ ಒಬ್ಬರಿಗೆ ಕ್ವಿಂಟಾಲಿಗೆ ರೂ. 800, ಇನ್ನೊಬ್ಬರಿಗೆ ರೂ. 1,800 ಏಕೆ ಬೀಳುತ್ತದೆ ಎಂಬ ಚರ್ಚೆಯಲ್ಲಿಯೇ ಸುಧಾರಣೆಯ ದಾರಿ ಸಿಗುತ್ತದೆ.